ಕೊಟ್ಟಿಗೆಯ ಜಾವಾ ಮತ್ತೆ ರಸ್ತೆಗೆ: ಹಳೆ ಬೈಕನ್ನು ಮನೆಯಲ್ಲೇ ಸರಿಮಾಡುವುದು ಹೇಗೆ?

ತಾಳವಾಡಿ: ಗುಜರಿಯವನು 4,500 ರೂಪಾಯಿ ಎಣಿಸಿ ಕೈಯಲ್ಲಿ ಹಿಡಿದು ನಿಂತಿದ್ದ. ಕೊಟ್ಟಿಗೆಯ ಮೂಲೆಯಲ್ಲಿ, ಮೇವಿನ ಪಕ್ಕ, ಅಪ್ಪನ ಜಾವಾ ಬೈಕ್ 24 ವರ್ಷದಿಂದ ನಿಂತೇ ಇತ್ತು. ಸೀಟಿನೊಳಗೆ ಇಲಿ ಗೂಡು ಕಟ್ಟಿತ್ತು. ಟೈರು ಎರಡೂ ಸೀಳಿ ನೆಲಕ್ಕೆ ಅಂಟಿಕೊಂಡಿದ್ದವು. ನಾನೂ ಕೊಟ್ಟುಬಿಡೋಣ ಅಂತಲೇ ಇದ್ದೆ. ಅಷ್ಟರಲ್ಲಿ ಜಗಲಿ ಮೇಲೆ ಕೂತಿದ್ದ ಅವ್ವ ಹೇಳಿದರು: ‘ಅದ ಮಾರ್ಬ್ಯಾಡ ಕನ ಮಗ. ಅದ್ರ ಸದ್ದು ಇನ್ನೊಂದ್ಸಲ ಕೇಳ್ಬೇಕು ನಾನು.’

ಇದು 2021ರ ಮಾತು. ಗುಜರಿಯವನು ಬರಿಗೈಲಿ ಹೋದ. ಎರಡು ವರ್ಷ ಕಳೆದ ಮೇಲೆ ಆ ಗಾಡಿ ಮತ್ತೆ ಹೊಗೆ ಬಿಟ್ಟಿತು. ನಾನು ಓದಿದ್ದು ಬಿಎ. ಪಾನಾ ಹಿಡಿದು ಅಭ್ಯಾಸವಿಲ್ಲ. ಆದರೂ ಆ ಎರಡು ವರ್ಷದಲ್ಲಿ ಕೈ ಸುಟ್ಟುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಏಕೆಂದರೆ ನಮ್ಮ ಗಡಿ ಊರುಗಳಲ್ಲಿ ಇಂಥ ಗಾಡಿ ಇಲ್ಲದ ಬೀದಿಯೇ ಕಡಿಮೆ. ಎಂಜಿನ್ ಸರಿಮಾಡುವುದಕ್ಕಿಂತ ಅವುಗಳ ಕಾಗದ ಸರಿಮಾಡುವುದೇ ನಮಗೆ ದೊಡ್ಡ ಕೆಲಸ.

ಮೈಸೂರಿನ ಮಗು

ಜಾವಾ ಮೂಲದಲ್ಲಿ ಜೆಕ್ ದೇಶದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಕಂಪನಿಯ ಬೈಕ್ ತಯಾರಿಕೆಯ ಹಕ್ಕು ಕೊಂಡು ಈ ಕಂಪನಿ ಕಟ್ಟಿದ. ಯಾನೆಚೆಕ್ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್ ಹೆಸರಿನ ಮೊದಲ ಎರಡು ಅಕ್ಷರ ಕೂಡಿಸಿದರೆ ಜಾವಾ. ನಮ್ಮಲ್ಲಿ ಅದನ್ನು ತಯಾರಿಸಿದ್ದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ. 1960ರ ದಶಕದ ಆರಂಭದಲ್ಲಿ ಗಾಡಿಗಳು ಹೊರಬಂದವು. 1970ರ ದಶಕದಲ್ಲಿ ಅವೇ ಯೆಜ್ಡಿ ಎಂಬ ಹೆಸರು ಪಡೆದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವು ನಿಜ. ಅವು ಬೇರೆ ಕಂಪನಿಯವು, ಎಂಜಿನ್ ಕೂಡ ಬೇರೆ ಜಾತಿಯದು. ಹಳೆಯದರ ಬಿಡಿಭಾಗಕ್ಕೆ ಅವುಗಳಿಂದ ಪ್ರಯೋಜನವಿಲ್ಲ.

ಹಳೆ ಜಾವಾ 250 ಸಿಸಿ ಗುಂಪಿನದು, ಎರಡು ಸ್ಟ್ರೋಕಿನದು. ಒಂದೇ ಸಿಲಿಂಡರು, ಆದರೆ ಸೈಲೆನ್ಸರು ಎರಡು. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್! ಗೊತ್ತಿಲ್ಲದವರು ಕಿಕ್ಕರ್ ಎಲ್ಲಿ ಅಂತ ಗಾಡಿಯನ್ನು ಎರಡು ಸುತ್ತು ಬರುತ್ತಿದ್ದರು.

ನಮ್ಮ ಗಾಡಿ 1967ರದು. ಅಪ್ಪ 1971ರಲ್ಲಿ ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆರ್‌ಸಿ ಪುಸ್ತಕದಲ್ಲಿ ‘ಮೈಸೂರು ರಾಜ್ಯ’ ಎಂದಿದೆ. ಆ ಹೆಸರಿನ ರಾಜ್ಯ ಈಗಿಲ್ಲ, 1973ರ ನವೆಂಬರ್ 1ರಿಂದ ಅದು ಕರ್ನಾಟಕ. ನಮ್ಮ ತಾಳವಾಡಿ ಆಗ ಸೇರಿದ್ದ ಮದ್ರಾಸ್ ರಾಜ್ಯವೂ 1969ರಲ್ಲಿ ತಮಿಳುನಾಡು ಆಯಿತು. ಆರ್‌ಸಿಯಲ್ಲಿರುವ ವಿಳಾಸ ಚಾಮರಾಜನಗರದ ನಮ್ಮ ಸೋದರಮಾವನ ಮನೆಯದು. ಆಗೆಲ್ಲ ಹಾಗೇ ನಡೆಯುತ್ತಿತ್ತು. ಈ ಕಡೆ ಮನೆ, ಆ ಕಡೆ ನಂಟರು, ನಡುವೆ ಗಾಡಿ. ಕಾಸರಗೋಡಿನ ಮನೆಯಲ್ಲಿ ಮಂಗಳೂರಿನ ನಂಬರು, ಹೊಸೂರಿನಲ್ಲಿ ಬೆಂಗಳೂರಿನದು, ಅಕ್ಕಲಕೋಟೆಯಲ್ಲಿ ಗುಲ್ಬರ್ಗದ್ದು, ರಾಯದುರ್ಗದಲ್ಲಿ ಬಳ್ಳಾರಿಯದು ಇರುವ ಹಳೆ ಗಾಡಿಗಳ ಕತೆಯೂ ಇದೇ.

ಮೊದಲ ಕೆಲಸ: ನಂಬರ್ ನೋಡಿ

ಪಾನಾ ಮುಟ್ಟುವ ಮುಂಚೆ ಮಾಡಬೇಕಾದ ಕೆಲಸ ಒಂದಿದೆ. ಹ್ಯಾಂಡಲ್ ಕೆಳಗೆ, ಫ್ರೇಮಿನ ತಲೆಭಾಗದಲ್ಲಿ ಚಾಸಿ ನಂಬರ್ ಒತ್ತಿರುತ್ತಾರೆ. ಎಂಜಿನ್ ಕವಚದ ಮೇಲೆ ಎಂಜಿನ್ ನಂಬರ್ ಇರುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತೆಳುವಾದ ಹಾಳೆ ಇಟ್ಟು, ಮೇಲೆ ಪೆನ್ಸಿಲ್ ಉಜ್ಜಿ. ಅಂಕಿಗಳು ಹಾಳೆಯ ಮೇಲೆ ಮೂಡುತ್ತವೆ. ಫೋಟೋ ಕೂಡ ತೆಗೆದಿಡಿ. ಎರಡೂ ಆರ್‌ಸಿಯಲ್ಲಿರುವ ನಂಬರಿಗೆ ತಾಳೆಯಾಗುತ್ತವೆಯೇ ನೋಡಿ. ತಾಳೆಯಾಗದಿದ್ದರೆ ದುಡ್ಡು ಹಾಕುವ ಮುಂಚೆ ಹತ್ತು ಸಲ ಯೋಚಿಸಿ. ಕಾಗದವಿಲ್ಲದ ಗಾಡಿಯನ್ನು ಎಷ್ಟು ಹೊಳೆಯುವಂತೆ ಮಾಡಿದರೂ ಅದು ಅಂಗಳ ದಾಟುವಂತಿಲ್ಲ.

ನಾನು ಈ ಕೆಲಸ ಮಾಡಲಿಲ್ಲ. ಅದರ ಫಲ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಕಿಕ್ ಹೊಡೆಯಬೇಡಿ

ಹಳೆ ಗಾಡಿ ಕಂಡ ತಕ್ಷಣ ಎಲ್ಲರೂ ಮಾಡುವುದು ಒಂದೇ, ಕಿಕ್ ಹೊಡೆಯುವುದು. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಂಡಿರುತ್ತವೆ. ಬಲವಾಗಿ ಒದ್ದರೆ ರಿಂಗು ಮುರಿಯುತ್ತದೆ, ಸಿಲಿಂಡರಿನ ಗೋಡೆಗೆ ಗೆರೆ ಬೀಳುತ್ತದೆ.

ಪ್ಲಗ್ ಬಿಚ್ಚಿ, ಆ ತೂತಿನಿಂದ ಸ್ವಲ್ಪ ಡೀಸೆಲ್ಲು, ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಹುಯ್ಯಿರಿ. ನಾಲ್ಕು ದಿನ, ಬೇಕಾದರೆ ಒಂದು ವಾರ ಬಿಡಿ. ಆಮೇಲೆ ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಅಲುಗಾಡಿಸಿ. ನಮ್ಮದು ಒಂಬತ್ತನೇ ದಿನ ಬಿಟ್ಟುಕೊಂಡಿತು.

ಬಿಚ್ಚುವಾಗ ಅವಸರ ಬೇಡ. ಒಂದೊಂದು ಭಾಗ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನಟ್ಟು, ಬೋಲ್ಟು, ವಾಷರುಗಳನ್ನು ಖಾಲಿ ಡಬ್ಬಗಳಿಗೆ ಹಾಕಿ ‘ಮುಂದಿನ ಚಕ್ರ’, ‘ಕ್ಲಚ್’, ‘ಕಾರ್ಬೊರೇಟರ್’ ಎಂದು ಚೀಟಿ ಅಂಟಿಸಿ. ಎಂಟು ತಿಂಗಳಾದ ಮೇಲೆ ಕೈಯಲ್ಲೊಂದು ವಾಷರ್ ಹಿಡಿದು ಇದು ಎಲ್ಲಿಯದಪ್ಪ ಅಂತ ತಲೆ ಕೆರೆದುಕೊಳ್ಳುವ ಕಷ್ಟ ನನ್ನ ಶತ್ರುವಿಗೂ ಬೇಡ. ಹಳೆಯ ವಾಷರು, ಬುಷ್ಷು, ಕೇಬಲ್ ಏನನ್ನೂ ಬಿಸಾಡಬೇಡಿ. ಹೊಸದನ್ನು ಹುಡುಕುವಾಗ ಅಂಗಡಿಯವನಿಗೆ ತೋರಿಸಲು ಅದೇ ಅಳತೆ.

ಎರಡು ಸ್ಟ್ರೋಕ್ ಎಂಜಿನ್ನಿನ ಗುಟ್ಟು

ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಿ ಹಾಕುತ್ತೇವೆ. ಆ ಮಿಶ್ರಣ ಗಾಳಿಯೊಂದಿಗೆ ಮೊದಲು ಪಿಸ್ಟನ್ ಕೆಳಗಿನ ಕೋಣೆಗೆ, ಅಂದರೆ ಕ್ರ್ಯಾಂಕ್ ತಿರುಗುವ ಜಾಗಕ್ಕೆ ಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಅಲ್ಲಿಂದ ಮೇಲಕ್ಕೆ ತಳ್ಳಲ್ಪಡುತ್ತದೆ. ಹಾಗಾಗಿ ಆ ಕೋಣೆ ಗಾಳಿಯಾಡದಂತೆ ಭದ್ರವಾಗಿರಬೇಕು. ಅದನ್ನು ಭದ್ರವಾಗಿಡುವುದು ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ಆಯಿಲ್ ಸೀಲುಗಳು.

ನಿಂತ ಗಾಡಿಯಲ್ಲಿ ಈ ರಬ್ಬರ್ ಸೀಲುಗಳು ಒಣಗಿ ಗಟ್ಟಿಯಾಗಿರುತ್ತವೆ. ಹೊರಗಿನ ಗಾಳಿ ಒಳಗೆ ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ಮಿತಿಮೀರಿ ಕಾಯುತ್ತದೆ, ಕೊನೆಗೆ ಪಿಸ್ಟನ್ ಜಾಮ್ ಆಗುತ್ತದೆ. ಗೇರ್ ಬಾಕ್ಸ್ ಕಡೆಯ ಸೀಲ್ ಹೋಗಿದ್ದರೆ ಅಲ್ಲಿನ ಆಯಿಲನ್ನೇ ಎಂಜಿನ್ ಹೀರಿಕೊಂಡು ದಟ್ಟವಾದ ಬಿಳಿ ಹೊಗೆ ಬಿಡುತ್ತದೆ. ‘ಎಷ್ಟು ಸಲ ಕಾರ್ಬೊರೇಟರ್ ಬಿಚ್ಚಿದರೂ ಸರಿಹೋಗ್ತಿಲ್ಲ’ ಅನ್ನುವವರು ಮೊದಲು ಸೀಲ್ ನೋಡಬೇಕು. ಸೀಲಿನ ಬೆಲೆ ಚಿಲ್ಲರೆ, ಅದನ್ನು ಬದಲಿಸದಿದ್ದರೆ ಆಗುವ ನಷ್ಟ ಚಿಲ್ಲರೆಯಲ್ಲ.

ಮನೆಯಲ್ಲಿ ಏನು, ಅಂಗಡಿಯಲ್ಲಿ ಏನು?

ಎಲ್ಲವನ್ನೂ ಮನೆಯಲ್ಲೇ ಮಾಡುತ್ತೇನೆ ಅನ್ನುವುದು ಹಟ. ಬಿಚ್ಚುವುದು, ತೊಳೆಯುವುದು, ಸೀಲ್ ಮತ್ತು ಬೇರಿಂಗ್ ಹಾಕುವುದು, ಕಾರ್ಬೊರೇಟರ್ ಶುದ್ಧ ಮಾಡುವುದು, ವೈರಿಂಗ್ ಎಳೆಯುವುದು, ಬ್ರೇಕ್ ಜೋಡಿಸುವುದು, ಇಷ್ಟು ಮನೆಯಲ್ಲಿ ಆಗುತ್ತದೆ.

ಸಿಲಿಂಡರ್ ಸವೆದಿದ್ದರೆ ಬೋರ್ ಮಾಡುವ ಕೆಲಸ ಲೇತ್ ಅಂಗಡಿಯದು. ಸಿಲಿಂಡರ್ ಎಷ್ಟು ಸವೆದಿದೆ ಎಂದು ಅಳೆದು, ಅದಕ್ಕೆ ಸರಿಹೊಂದುವ ಓವರ್‌ಸೈಜ್ ಪಿಸ್ಟನ್ನನ್ನು ಮೊದಲು ತರಬೇಕು. ಆ ಪಿಸ್ಟನ್ ಅಳತೆಗೆ ಸಿಲಿಂಡರ್ ಬೋರ್ ಆಗಬೇಕೇ ಹೊರತು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುತ್ತಾ ಹೋಗಬಾರದು. ಕನೆಕ್ಟಿಂಗ್ ರಾಡನ್ನು ಹಿಡಿದು ಮೇಲೆ ಕೆಳಗೆ ಎಳೆದಾಗ ಟಕ್ ಟಕ್ ಎಂದು ಆಡಿದರೆ ಕೆಳಗಿನ ಬೇರಿಂಗ್ ಹೋಗಿದೆ ಎಂದರ್ಥ. ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಡಿಸಿ, ಮತ್ತೆ ಕೂಡಿಸಿ, ಓರೆಯಿಲ್ಲದಂತೆ ನೇರ ಮಾಡುವುದು ಅನುಭವಸ್ಥರ ಕೆಲಸ. ಅದಕ್ಕೆ ನಾನು ಮೈಸೂರಿನ ಒಬ್ಬ ಹಳೆ ಮೆಕ್ಯಾನಿಕ್ ಹತ್ತಿರ ಹೋದೆ. ‘ಸಾರ್, ಸುತ್ತಿಗೆ ಮುಟ್ಟಿಲ್ಲ ತಾನೇ?’ ಇದು ಅವರ ಮೊದಲ ಪ್ರಶ್ನೆ. ಮುಟ್ಟಿಲ್ಲ ಭಾಯಿ ಅಂದಾಗಲೇ ಅವರು ನಕ್ಕಿದ್ದು.

ಪೆಟ್ರೋಲ್ ಟ್ಯಾಂಕ್ ಬಗ್ಗೆ ಎಚ್ಚರಿಕೆ ಬೇಕು. ಒಳಗಿನ ತುಕ್ಕು ತೆಗೆಯಲು ವಿನೆಗರ್ ತುಂಬಿ ಒಂದು ದಿನ ಬಿಟ್ಟು, ಒಂದಿಷ್ಟು ನಟ್ಟುಗಳನ್ನು ಹಾಕಿ ಅಲ್ಲಾಡಿಸಿದರೆ ತುಕ್ಕು ಉದುರುತ್ತದೆ. ಹಾಕಿದ ನಟ್ಟುಗಳನ್ನು ಎಣಿಸಿಟ್ಟುಕೊಂಡು ಅಷ್ಟನ್ನೂ ಹೊರಗೆ ತೆಗೆಯಿರಿ. ಅಡಿಗೆ ಸೋಡ ಬೆರೆಸಿದ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಕೂಡಲೇ ಒಳಗೆ ಆಯಿಲ್ ಸವರಿಬಿಡಿ, ಇಲ್ಲದಿದ್ದರೆ ಮಾರನೇ ದಿನವೇ ಮತ್ತೆ ತುಕ್ಕು. ಟ್ಯಾಂಕ್ ತೂತಾಗಿದ್ದರೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಆವಿ ಬಾಂಬಿನಂತೆ ಸಿಡಿಯುತ್ತದೆ.

ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಆ ಧೂಳು ಶ್ವಾಸಕೋಶಕ್ಕೆ ವಿಷ. ಬಾಯಿಂದ ಊದಿ ತೆಗೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಸೈಲೆನ್ಸರ್ ಒಳಗಿನ ಮಸಿ ಕರಗಿಸಲು ಕಾಸ್ಟಿಕ್ ಸೋಡ ಬಳಸುತ್ತಾರೆ. ಅದು ಕಬ್ಬಿಣದ ಭಾಗಕ್ಕೆ ಸರಿ, ಅಲ್ಯೂಮಿನಿಯಂ ಭಾಗವನ್ನು ತಿಂದುಹಾಕುತ್ತದೆ. ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ ಮರೆಯಬೇಡಿ.

ಕಿಡಿ ಬರುತ್ತಿದೆಯೇ?

ಹಳೆ ಜಾವಾದ ಬ್ಯಾಟರಿ 6 ವೋಲ್ಟಿನದು. ಅದಕ್ಕೆ 12 ವೋಲ್ಟಿನ ಬಲ್ಬು ಹಾಕಿ ಲೈಟ್ ಮಂಕು ಎಂದು ದೂರಿದರೆ ತಪ್ಪು ಗಾಡಿಯದಲ್ಲ. ಕಿಡಿ ಹುಟ್ಟಿಸುವ ಪಾಯಿಂಟಿನ ನಡುವೆ 0.4 ಮಿಲಿಮೀಟರ್, ಪ್ಲಗ್ಗಿನಲ್ಲಿ 0.6 ಮಿಲಿಮೀಟರ್ ಸಂದು ಸಾಮಾನ್ಯ ಅಳತೆ. ಫೀಲರ್ ಗೇಜ್ ಎಂಬ ತಗಡಿನ ಅಳತೆಪಟ್ಟಿ ಕಡಿಮೆ ಬೆಲೆಗೆ ಸಿಗುತ್ತದೆ, ಕಣ್ಣಂದಾಜು ಬೇಡ. ಪ್ಲಗ್ಗನ್ನು ಹೊರತೆಗೆದು ಎಂಜಿನ್ ಮೈಗೆ ತಾಗಿಸಿ ಹಿಡಿದು ಕಿಕ್ ಹೊಡೆದಾಗ ನೀಲಿ ಕಿಡಿ ಚಟ್ ಎಂದರೆ ಸರಿ. ಹೀಗೆ ನೋಡುವಾಗ ಪೆಟ್ರೋಲ್ ಹತ್ತಿರ ಇರಬಾರದು. ಕಿಡಿ ಹಳದಿಯಾಗಿ ಸೊರಗಿದ್ದು, ಪಾಯಿಂಟಿನಲ್ಲೇ ದೊಡ್ಡ ಕಿಡಿ ಹಾರಿ ಅದು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಬದಲಿಸಿ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತುಹೋಗುವ ಗಾಡಿಯಲ್ಲೂ ಅನೇಕ ಸಲ ಕಳ್ಳ ಅದೇ.

ನಾನು ಮಾಡಿದ ತಪ್ಪು

ಈಗ ಆ ವಿಷಯಕ್ಕೆ ಬರೋಣ. ಎಂಜಿನ್ ಇನ್ನೂ ಡಬ್ಬಗಳಲ್ಲಿ ಇರುವಾಗಲೇ ನನಗೆ ಗಾಡಿ ಹೊಳೆಯುವುದನ್ನು ನೋಡುವ ಆಸೆ. ಫ್ರೇಮನ್ನು ಒಂದು ಪಟ್ಟಣದ ವರ್ಕ್‌ಶಾಪಿಗೆ ಕೊಟ್ಟೆ. ಅವರು ಮರಳು ಹೊಡೆದು ತುಕ್ಕು ತೆಗೆದು, ಪೌಡರ್ ಕೋಟಿಂಗ್ ಮಾಡಿ ಕೊಟ್ಟರು. ಕನ್ನಡಿ ಹಾಗೆ ಹೊಳೆಯುತ್ತಿತ್ತು. ಮನೆಗೆ ತಂದು ನೋಡಿದರೆ ಚಾಸಿ ನಂಬರೇ ಕಾಣಿಸಲಿಲ್ಲ! ದಪ್ಪ ಬಣ್ಣದ ಕೆಳಗೆ ಮುಚ್ಚಿಹೋಗಿತ್ತು. ಮರಳು ಹೊಡೆತಕ್ಕೆ ಅಂಕಿ ಅಳಿಸಿಹೋಗಿದ್ದರೆ? ಪೆನ್ಸಿಲ್ ಪ್ರಿಂಟ್ ನನ್ನ ಹತ್ತಿರ ಇರಲಿಲ್ಲ, ಫೋಟೋವೂ ಇರಲಿಲ್ಲ. ಮುಚ್ಚಿ ಕೊಡಿ ಎಂದು ಹೇಳದೆ ಹೋದ ತಪ್ಪು ನನ್ನದೇ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪನ ಗಾಡಿಯನ್ನು ಉಳಿಸಲು ಹೋಗಿ ನಾನೇ ಅದರ ಗುರುತು ಅಳಿಸಿಬಿಟ್ಟೆನಲ್ಲ ಎಂಬ ಸಂಕಟ. ಕೊನೆಗೆ ಬಣ್ಣ ತೆಗೆಯುವ ರಾಸಾಯನಿಕವನ್ನು ನಂಬರ್ ಇರುವ ಅಂಗೈಯಗಲ ಜಾಗಕ್ಕೆ ಮಾತ್ರ ಹಚ್ಚಿ, ಮರದ ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆ. ಮೂರು ದಿನ ಹಿಡಿಯಿತು. ಅಂಕಿಗಳು ಒಂದೊಂದಾಗಿ ಕಂಡವು. ಒಂದು ಮಾತ್ರ ಮಸುಕಾಗಿತ್ತು. ಎಂಜಿನ್ ನಂಬರ್ ಸ್ಪಷ್ಟವಾಗಿದ್ದು ಹಳೆ ದಾಖಲೆಗೆ ತಾಳೆಯಾದದ್ದರಿಂದ ತಪಾಸಣೆಯಲ್ಲಿ ಬಚಾವಾದೆ.

ಆದ್ದರಿಂದ ಹೇಳುತ್ತೇನೆ: ಫ್ರೇಮ್ ಬಣ್ಣಕ್ಕೆ ಹೋಗುವ ಮುಂಚೆ ನಂಬರಿನ ಮೇಲೆ ಗ್ರೀಸ್ ಸವರಿ, ತಗಡಿನ ತುಂಡು ಇಟ್ಟು, ಗಟ್ಟಿ ಟೇಪ್ ಸುತ್ತಿ ಕೊಡಿ. ಅಂಕಿ ಮಸುಕಾಗಿದೆ ಎಂದು ಯಾರಾದರೂ ‘ಮತ್ತೆ ಪಂಚ್ ಮಾಡಿಕೊಡ್ತೀನಿ’ ಅಂದರೆ ಒಪ್ಪಬೇಡಿ. ಸಾರಿಗೆ ಇಲಾಖೆಯ ಅನುಮತಿಯಿಲ್ಲದೆ ನಂಬರ್ ಒತ್ತುವುದು ಕಳವಿನ ಗಾಡಿಯವರು ಮಾಡುವ ಕೆಲಸ, ಸಿಕ್ಕಿಬಿದ್ದರೆ ಕೇಸು.

ಎರಡು ರಾಜ್ಯದ ಕಾಗದ

ಗಾಡಿಯ ಒಡೆಯ ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ವಾರಸುದಾರರ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಬೇಕು. ನಿಯಮದ ಪ್ರಕಾರ ಇದನ್ನು ಮೂರು ತಿಂಗಳಲ್ಲಿ ಮಾಡಬೇಕಿತ್ತು. ನಾವೆಲ್ಲ ಎಷ್ಟೋ ವರ್ಷ ತಡ ಮಾಡಿದವರು. ತಡವಾದಷ್ಟೂ ಓಡಾಟ ಹೆಚ್ಚು.

ಹಳೆ ಗಾಡಿಯ ವಿವರ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಮೊದಲು ನೋಂದಣಿಯಾದ ಆರ್‌ಟಿಓ ಕಚೇರಿಯಲ್ಲಿ ಹಳೆ ರಿಜಿಸ್ಟರ್ ಹುಡುಕಿಸಿ ಅದನ್ನು ಕಂಪ್ಯೂಟರಿಗೆ ಏರಿಸಬೇಕು. ಆರ್‌ಸಿಯ ಅವಧಿ ಮುಗಿದಿದ್ದರೆ ಫಾರಂ 25ರಲ್ಲಿ ನವೀಕರಣ, ಅದಕ್ಕೆ ಗಾಡಿಯನ್ನು ತಪಾಸಣೆಗೆ ಒಯ್ಯಬೇಕು. 15 ವರ್ಷ ದಾಟಿದ ಬೈಕಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 300 ರೂಪಾಯಿಯಿಂದ 1,000ಕ್ಕೆ ಏರಿತು. ಆಮೇಲೆ 20 ವರ್ಷ ದಾಟಿದವಕ್ಕೆ ಇನ್ನಷ್ಟು ಏರಿದೆ. ಹಾಗಾಗಿ ಹೋಗುವ ದಿನದ ದರ ಕೇಳಿಕೊಂಡೇ ಹೋಗಿ.

ಗಡಿಯವರಿಗೆ ಮುಖ್ಯವಾದದ್ದು ಇದು. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯಿಂದ ಫಾರಂ 28ರಲ್ಲಿ ನಿರಾಕ್ಷೇಪಣಾ ಪತ್ರ, ಹೊಸ ಕಚೇರಿಯಲ್ಲಿ ಫಾರಂ 27ರ ಅರ್ಜಿ. ಆ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಎರಡೂ ಕಡೆ ಭಾಷೆ ಬಲ್ಲವರೆಂಬುದು ಇಲ್ಲಿ ನಮ್ಮ ಭಾಗ್ಯ. ಚಾಮರಾಜನಗರದಲ್ಲಿ ಕನ್ನಡದಲ್ಲಿ, ಈ ಕಡೆ ತಮಿಳಿನಲ್ಲಿ ಮಾತಾಡಿ ಕೆಲಸ ಮುಗಿಸಿದೆ. ದಲ್ಲಾಳಿ ಬೇಕಾಗಲಿಲ್ಲ.

50 ವರ್ಷ ದಾಟಿದ ಗಾಡಿಗೆ ಇನ್ನೊಂದು ದಾರಿಯಿದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಫ್ರೇಮು, ಮೈಕಟ್ಟು, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಅದು 10 ವರ್ಷ ನಡೆಯುತ್ತದೆ. ಮರುನೋಂದಣಿಗೆ 5,000 ರೂಪಾಯಿ. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆ ನಂಬರ್ ಉಳಿಸಿಕೊಳ್ಳಬಹುದು. ಆದರೆ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥದ್ದಕ್ಕೆ ಮಾತ್ರ.

ಹಳೆ ನಂಬರ್ ಉಳಿಸಿಕೊಂಡು ಅಂಗಳದಲ್ಲಿ ಇಡುವುದೋ, ಹೊಸ ನಂಬರ್ ಪಡೆದು ಓಡಿಸುವುದೋ? ನನಗೆ ಇದು ಸುಲಭದ ಆಯ್ಕೆ ಆಗಿರಲಿಲ್ಲ. ಆ ನಂಬರ್ ಕಂಡರೆ ಊರಿಗೆ ಊರೇ ಅಪ್ಪನನ್ನು ಗುರುತಿಸುತ್ತಿತ್ತು. ಅವ್ವನನ್ನೇ ಕೇಳಿದೆ. ‘ನಿಮ್ಮಪ್ಪ ಗಾಡಿ ನಿಲ್ಸಾಕ ತಂದಿದ್ನಾ?’ ಅಂದರು. ನಾನು ಓಡಿಸುವ ದಾರಿ ಹಿಡಿದೆ. ಹಳೆಯ ನಂಬರ್ ಪ್ಲೇಟು ಈಗ ಮನೆಯ ಗೋಡೆ ಮೇಲಿದೆ.

ಬಣ್ಣ ಕೊನೆಗೆ, ಪೆಟ್ರೋಲ್ ಅಳತೆಗೆ

ಎಂಜಿನ್ ಓಡಿ, ಬ್ರೇಕ್ ಹಿಡಿದು, ಕಾಗದ ಸರಿಹೋದ ಮೇಲೆ ಬಣ್ಣ. ಜಾವಾದ ಕಡುಗೆಂಪು ಬಣ್ಣ, ಟ್ಯಾಂಕಿನ ಬದಿಯ ಕ್ರೋಮ್, ಅದರ ಅಂಚಿಗೆ ಎಳೆದ ಹೊಂಬಣ್ಣದ ಗೆರೆ, ಇವೇ ಅದರ ಅಂದ. ಆ ಗೆರೆಗೆ ಸ್ಟಿಕ್ಕರ್ ಬೇಡ. ಲಾರಿಗೆ ಹೂಬಳ್ಳಿ ಬರೆಯುವ ಪೇಂಟರ್ ನಿಮ್ಮ ಊರಲ್ಲಿದ್ದರೆ ಅವರಿಗೇ ಕೊಡಿ.

ರೀಬೋರ್ ಆದ ಹಳೆ ಎಂಜಿನ್ನಿಗೆ ಮೊದಮೊದಲು 1 ಲೀಟರ್ ಪೆಟ್ರೋಲಿಗೆ 50 ಮಿಲಿ, ಪಳಗಿದ ಮೇಲೆ 40 ಮಿಲಿ ಟು-ಟಿ ಆಯಿಲ್ ಎಂಬುದು ಹಳೆ ಲೆಕ್ಕ. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಜಾಮ್. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಅದು ಹಳೆ ರಬ್ಬರನ್ನು ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರುತ್ತದೆ. ಪೆಟ್ರೋಲ್ ಪೈಪನ್ನು ಹೊಸ ಬಗೆಯದಕ್ಕೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಮತ್ತು ಕಾರ್ಬೊರೇಟರ್ ಖಾಲಿ ಮಾಡಿ. ಗಾಡಿ ನಿಲ್ಲಿಸಿದಾಗಲೆಲ್ಲ ಪೆಟ್ರೋಲ್ ನಲ್ಲಿ ಮುಚ್ಚಿ.

2023ರ ಒಂದು ಭಾನುವಾರ ಬೆಳಗ್ಗೆ ನಮ್ಮ ಜಾವಾ ಹನ್ನೊಂದನೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅವ್ವ ಒಳಗೆ ಒಲೆ ಮುಂದೆ ಇದ್ದವರು ಸೆರಗಿನಲ್ಲಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತರು. ಸ್ವಲ್ಪ ಹೊತ್ತು ಕೇಳಿ, ‘ಇನ್ನೊಸಿ ಮೆತ್ತಗಿತ್ತು ಆಗ’ ಅಂದರು. ಅವರು ಹೇಳಿದ್ದು ಸರಿ. ಒಂದು ಸೈಲೆನ್ಸರಿನ ಒಳಕೊಳವೆ ಹಾಕುವುದನ್ನೇ ನಾನು ಮರೆತಿದ್ದೆ. ಅದೂ ಒಂದು ಡಬ್ಬದಲ್ಲಿ, ಚೀಟಿ ಸಮೇತ, ಹಾಗೇ ಕೂತಿತ್ತು.

ನಿಮ್ಮ ಕೊಟ್ಟಿಗೆಯಲ್ಲೂ ಇಂಥದ್ದೊಂದು ನಿಂತಿದ್ದರೆ ಗುಜರಿಯವನಿಗೆ ಇವತ್ತೇ ಉತ್ತರ ಕೊಡಬೇಡಿ. ಒಂದು ಹಾಳೆ, ಒಂದು ಪೆನ್ಸಿಲ್ ಹಿಡಿದು ಹೋಗಿ, ಮೊದಲು ನಂಬರ್ ತೆಗೆದುಕೊಳ್ಳಿ. ಪಾನಾ ಆಮೇಲೆ.